ನೂರ ಇಪ್ಪತ್ತೆಂಟು ಮಂದಿ, ಒಂದು ಕುರ್ಚಿ

ಕಳೆದ ತಿಂಗಳು ಯಲಹಂಕ ನ್ಯೂ ಟೌನಿನ ಫಿಸಿಯೋಥೆರಪಿ ಕ್ಲಿನಿಕ್ಕೊಂದರಲ್ಲಿ ಒಬ್ಬ ಹುಡುಗಿ ನನ್ನನ್ನು ಕುರ್ಚಿಯ ಮೇಲೆ ಕೂರಿಸಿ, "ಅಜ್ಜಿ, ಎರಡೂ ಕೈ ಎದೆ ಮೇಲೆ ಕಟ್ಕೊಳ್ಳಿ. ಕೈ ಊರದೆ ಎದ್ದು ಕೂತ್ಕೋಬೇಕು. ಅರ್ಧ ನಿಮಿಷದಲ್ಲಿ ಎಷ್ಟು ಸಲ ಆಗುತ್ತೋ ನೋಡೋಣ" ಎಂದಳು. ಅಜ್ಜಿ ಎಂದದ್ದಕ್ಕೆ ನನಗೆ ಸಿಟ್ಟು ಬಂತು. ಆ ಸಿಟ್ಟಿನಲ್ಲೇ ಒಂಬತ್ತು ಸಲ ಎದ್ದು ಕೂತೆ. ಹತ್ತನೆಯದಕ್ಕೆ ಮಂಡಿ ಮಾತು ಕೇಳಲಿಲ್ಲ. ಪರದೆಯ ಆಚೆ ಯಾರಿಗೋ ಕರ್ಪೂರ ಹಾಕಿ ಕಾಯಿಸಿದ ಎಳ್ಳೆಣ್ಣೆ ತಿಕ್ಕುತ್ತಿದ್ದರು. ಆ ವಾಸನೆ ಮೂಗಿಗೆ ಬಿದ್ದದ್ದೇ ತಡ, ನನಗೆ ನಗು ತಡೆಯಲಾಗಲಿಲ್ಲ. ಆ ಹುಡುಗಿ ಗಾಬರಿಯಾಗಿ, "ಯಾಕಜ್ಜಿ, ತಲೆ ಸುತ್ತುತ್ತಾ?" ಎಂದು ಕೇಳಿದಳು. ಇದೇ ಯಲಹಂಕದಲ್ಲಿ, ಇದೇ ಕುರ್ಚಿಯ ಪರೀಕ್ಷೆಯಲ್ಲಿ, ನಾನು ಅವಳಿಗಿಂತ ಚಿಕ್ಕವಳಾಗಿದ್ದಾಗ ಊರಿನ ಅಜ್ಜಿಯರೆಲ್ಲ ಸೇರಿ ನನಗೆ ಹೇಗೆ ನೀರು ಕುಡಿಸಿದ್ದರು ಎಂದು ಅವಳಿಗೆ ಎಲ್ಲಿಂದ ಶುರು ಮಾಡಿ ಹೇಳುವುದು?

ಎಂಬತ್ತರ ದಶಕದ ಮೊದಲ ವರ್ಷಗಳು. ಸ್ಟಾಟಿಸ್ಟಿಕ್ಸ್ ಎಂ.ಎಸ್ಸಿ. ಮುಗಿಸಿದ್ದೆ, ಆರ್.ಟಿ. ನಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿದ್ದೆ. ತುಮಕೂರಿನಲ್ಲಿದ್ದ ಅಪ್ಪ ನನಗೆ ಒಂದು ವರ್ಷ ಕೊಟ್ಟಿದ್ದರು. ಅಷ್ಟರಲ್ಲಿ ನಿಲ್ಲುವಂಥ ಕೆಲಸ ಸಿಕ್ಕರೆ ಸರಿ, ಇಲ್ಲದಿದ್ದರೆ ಊರಿಗೆ ವಾಪಸು, ಆಮೇಲೆ ಅವರು ತೋರಿಸಿದ ಗಂಡು. ಆ ಗಂಡಿನ ಫೋಟೋ ಆಗಲೇ ಚಿಕ್ಕಮ್ಮನ ಬೀರುವಿನಲ್ಲಿ ಬಂದು ಕೂತಿತ್ತು. ಪಾಪ, ಅವನ ತಪ್ಪೇನೂ ಇಲ್ಲ. ನನಗೆ ಕೆಲಸ ಬೇಕಿತ್ತು, ಅಷ್ಟೆ.

ಕೆಲಸ ಸಿಕ್ಕಿದ್ದು ಹಳೇ ಯಲಹಂಕದ ಒಂದು ಚಿಕ್ಕ ಆಸ್ಪತ್ರೆಯಲ್ಲಿ. ಅಲ್ಲಿನ ಡಾಕ್ಟರ್ ನರಹರಿ ಮಂಡಿನೋವಿನ ಮುದುಕರಿಗೆ ಎಣ್ಣೆ ತಿಕ್ಕಿಸಿ ತಿಕ್ಕಿಸಿ ಸಾಕಾಗಿ, ವಾರಕ್ಕೆ ಮೂರು ದಿನ ಕಾಲಿನ ವ್ಯಾಯಾಮ ಮಾಡಿಸಿದರೆ ಹೇಗೆ ಎಂದು ಯೋಚಿಸಿದ್ದರು. ಅರವತ್ತು ದಾಟಿದವರನ್ನು ಚೀಟಿ ಎತ್ತಿ ಎರಡು ಗುಂಪು ಮಾಡುವುದು. ಒಂದು ಗುಂಪಿಗೆ ಎಣ್ಣೆ ಮಾತ್ರ, ಇನ್ನೊಂದಕ್ಕೆ ಎಣ್ಣೆಯ ಜೊತೆ ವ್ಯಾಯಾಮ. ಆರು ತಿಂಗಳಾದ ಮೇಲೆ ಯಾರು ಕುರ್ಚಿಯಿಂದ ಹೆಚ್ಚು ಸಲ ಎದ್ದು ಕೂರುತ್ತಾರೆ ನೋಡುವುದು. ದಿಲ್ಲಿಯ ಒಂದು ಸಮಿತಿ ಹಣ ಕೊಡಲು ಒಪ್ಪಿತ್ತು. ಆದರೆ ಎಷ್ಟು ಜನರ ಮೇಲೆ ಪರೀಕ್ಷೆ, ಅಷ್ಟೇ ಯಾಕೆ ಎಂದು ಲೆಕ್ಕ ತೋರಿಸಬೇಕು ಎಂದಿತ್ತು. ಆ ಲೆಕ್ಕಕ್ಕೆ ನಾನು.

"ಇನ್ನೂರು ಅಂತ ಹಾಕ್ಬಿಡಮ್ಮ ವಸುಧಾ. ರೌಂಡ್ ಫಿಗರ್" ಎಂದರು ಡಾಕ್ಟರು, ಮೊದಲ ದಿನವೇ.

ನನಗೆ ಮೈ ಉರಿಯಿತು. "ಹಂಗೆಲ್ಲ ಹಾಕಕ್ಕಾಗಲ್ಲ ಸರ್. ಕಮ್ಮಿ ಆದ್ರೆ ಮಾಡಿದ್ದೆಲ್ಲ ದಂಡ, ಏನೂ ಗೊತ್ತಾಗಲ್ಲ. ಜಾಸ್ತಿ ಆದ್ರೆ ಬೇಡದೇ ಇರೋ ಮುದುಕರನ್ನ ಸುಮ್ಮನೆ ನಡೆಸಿ ಸುಸ್ತು ಮಾಡಿಸ್ದಂಗೆ. ಎಷ್ಟು ಬೇಕೋ ಅಷ್ಟೇ ಇರ್ಬೇಕು."

"ಎಷ್ಟು ಬೇಕು ಅಂತ ಹೆಂಗೆ ಗೊತ್ತಾಗುತ್ತೆ?"

ಮೊದಲು ಇಪ್ಪತ್ತು ಜನರನ್ನು ಕರೆಸಿ ನೋಡೋಣ ಎಂದೆ. ಕರೆಸಿದೆವು. ವಯಸ್ಸು ಕೇಳಿದರೆ, "ಅರವತ್ತೋ ಎಪ್ಪತ್ತೋ, ನೀನೇ ಒಂದು ಬರ್ಕೊಳವ್ವ" ಎನ್ನುವವರೇ ಎಲ್ಲ. ಕುರ್ಚಿಯ ಮೇಲೆ ಕೂರಿ ಎಂದರೆ ಕೂರಲೊಲ್ಲರು. ಡಾಕ್ಟರು ನಿಂತಿರುವಾಗ ತಾವು ಕುರ್ಚಿಯಲ್ಲಿ ಕೂರುವುದುಂಟೇ? ಕೊನೆಗೆ ಡಾಕ್ಟರೇ ಹೊರಗೆ ಹೋಗಿ ನಿಂತರು. ತಣಿಸಂದ್ರದಿಂದ ಬಂದ ಒಬ್ಬಾಕೆ ಹುಲ್ಲಿನ ಹೊರೆಯನ್ನು ಬಾಗಿಲಲ್ಲಿ ಇಳಿಸಿ ಬಂದು ಹದಿನೇಳು ಸಲ ಎದ್ದು ಕೂತರು. ಅವರ ಓರಗೆಯ ಇನ್ನೊಬ್ಬರಿಗೆ ಎರಡು ಸಲಕ್ಕೇ ಉಸ್ಸಪ್ಪಾ ಎನ್ನುವಂತಾಯಿತು. ಮುದುಕರ ಮೇಲಿನ ಪರೀಕ್ಷೆಯಲ್ಲಿ ಲೆಕ್ಕ ಕಷ್ಟವಾಗುವುದು ಇಲ್ಲೇ. ಇಪ್ಪತ್ತರ ಹುಡುಗರು ಹೆಚ್ಚುಕಡಿಮೆ ಒಂದೇ ಥರ ಇರುತ್ತಾರೆ. ಎಪ್ಪತ್ತು ವರ್ಷ ಎಪ್ಪತ್ತು ಥರ ಬದುಕಿದವರು ಒಬ್ಬರಂತೆ ಇನ್ನೊಬ್ಬರು ಇರುವುದಿಲ್ಲ.

"ಒಂದೇ ಹೊಲದ ಅವರೆಕಾಯಿ ಆದ್ರೆ ನಾಕು ಸುಲಿದು ನೋಡಿದ್ರೆ ಸಾಕು ಸರ್, ಹುಳ ಇದ್ಯಾ ಇಲ್ವಾ ಗೊತ್ತಾಗುತ್ತೆ. ಹತ್ತು ಹೊಲದ್ದನ್ನ ಒಂದೇ ಮೂಟೆಗೆ ಸುರಿದಿದ್ರೆ ತುಂಬ ಸುಲೀಬೇಕು" ಎಂದು ವಿವರಿಸಿದೆ. ಡಾಕ್ಟರು ತಲೆದೂಗಿದರು. ಅವರಿಗೆ ಅವರೆಕಾಯಿ ಎಂದರೆ ಪ್ರಾಣ.

ಆ ಇಪ್ಪತ್ತು ಜನರ ಏರುಪೇರು ಹಿಡಿದು, ನಿಜವಾಗಿ ವ್ಯತ್ಯಾಸವಿದ್ದರೆ ಹತ್ತರಲ್ಲಿ ಎಂಟು ಸಲವಾದರೂ ಅದು ನಮ್ಮ ಕಣ್ಣಿಗೆ ಬೀಳಬೇಕು ಎಂದಿಟ್ಟುಕೊಂಡು ಎರಡು ದಿನ ಲೆಕ್ಕ ಮಾಡಿದೆ. ಗುಂಪಿಗೆ ಅರವತ್ತನಾಲ್ಕು, ಒಟ್ಟು ನೂರ ಇಪ್ಪತ್ತೆಂಟು ಎಂದು ಬಂತು. ಸೇರಿದವರಲ್ಲಿ ನೂರಕ್ಕೆ ಹತ್ತು ಮಂದಿ ನಡುವೆ ಬಿಟ್ಟುಹೋಗುತ್ತಾರೆ, ಅದಕ್ಕೆ ತಕ್ಕಷ್ಟು ಹೆಚ್ಚು ಸೇರಿಸಿ ಎಂದು ಪುಸ್ತಕದಲ್ಲಿತ್ತು. ಪುಸ್ತಕ ಎಲ್ಲಿಯದೋ, ಮುದುಕರು ಎಲ್ಲಿಯವರೋ ಎಂದು ನನಗೆ ಹೊಳೆಯಲಿಲ್ಲ. ನೂರ ನಲವತ್ತನಾಲ್ಕು ಎಂದು ಬರೆದು, ಕೆಳಗೆ ಸಹಿ ಮಾಡಿ, ಜಂಭದಿಂದ ಡಾಕ್ಟರ ಮೇಜಿನ ಮೇಲಿಟ್ಟೆ. ದಿಲ್ಲಿಯವರು ಒಪ್ಪಿದರು, ಒಂದು ಷರತ್ತಿನೊಡನೆ. ಆರು ತಿಂಗಳ ಕೊನೆಯಲ್ಲಿ ನೂರ ಇಪ್ಪತ್ತೆಂಟು ಜನರ ಅಳತೆ ಸಿಕ್ಕರೆ ವ್ಯಾಯಾಮದ ತರಗತಿಯೂ ನನ್ನ ಹುದ್ದೆಯೂ ಮುಂದುವರಿಯುತ್ತವೆ. ಒಬ್ಬರು ಕಡಿಮೆಯಾದರೂ ಎರಡೂ ಬಂದ್. ನಾನೇ ಹಾಕಿದ ಸಂಖ್ಯೆ ನನ್ನ ಕೊರಳಿಗೇ ಬಂತು.

ಆಷಾಢದ ಗಾಳಿಯಲ್ಲಿ ಶುರುವಾಯಿತು. ಬೆಳಿಗ್ಗೆ ಹೆಬ್ಬಾಳದಲ್ಲಿ ಬಸ್ಸು ಬದಲಾಯಿಸುವಾಗ ಕೆರೆಯ ಮೇಲಿಂದ ಬೀಸುವ ಗಾಳಿಗೆ ಸೆರಗು ನಿಲ್ಲುತ್ತಿರಲಿಲ್ಲ. ಅಲ್ಲಿಂದ ಮುಂದೆ ದ್ರಾಕ್ಷಿ ತೋಟಗಳು, ರಾಗಿ ಹೊಲ, ಮತ್ತೆ ದ್ರಾಕ್ಷಿ. ತರಗತಿ ನಡೆಸಲು ಒಬ್ಬ ನಿವೃತ್ತ ಡ್ರಿಲ್ ಮಾಸ್ತರು ಸಿಕ್ಕಿದ್ದರು. ಅವರು ಸೀಟಿ ಊದಿದರೆ ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ನಿಲ್ಲುತ್ತಿದ್ದರು. ಹಾಜರಿ ಎಂದರೆ ಅವರಿಗೆ ತಲೆ ಎಣಿಸುವುದಷ್ಟೆ. ಅಳತೆ ಮಾಡುವವರಿಗೆ ಯಾರು ಯಾವ ಗುಂಪು ಎಂದು ಗೊತ್ತಿರಬಾರದಲ್ಲ, ಅದಕ್ಕೆ ಬೇರೆ ಆಸ್ಪತ್ರೆಯಿಂದ ಸಿಸ್ಟರ್ ಗ್ರೇಸ್ ಎಂಬುವರು ಅಳತೆಯ ದಿನ ಮಾತ್ರ ಬರುತ್ತಿದ್ದರು. ನಾನು ಒಳಗಿನ ಕೋಣೆಯಲ್ಲಿ ಕಾರ್ಡುಗಳ ಜೊತೆ. ನನಗೆ ಅವರೆಲ್ಲ ಮೂವತ್ತೇಳು, ತೊಂಬತ್ತು, ನೂರ ಹನ್ನೊಂದು. ಮುಖ ನೋಡುವ ಪುರುಸೊತ್ತೂ ಇರಲಿಲ್ಲ, ಬೇಕೂ ಅನ್ನಿಸಿರಲಿಲ್ಲ.

ಒಂದೇ ಒಂದು ದಿನ ಹೊರಗೆ ಬಂದು ಭಾಷಣ ಮಾಡಿದೆ. ಅದೇ ಎಡವಟ್ಟಾಯಿತು. ಎಲ್ಲರನ್ನೂ ಆಸ್ಪತ್ರೆಯ ಅಂಗಳದಲ್ಲಿ ಕೂರಿಸಿ, "ನೀವು ಒಬ್ಬೊಬ್ಬರೂ ನಮಗೆ ಮುಖ್ಯ. ಈ ಸಂಖ್ಯೆಯಲ್ಲಿ ಒಂದೂ ಕಡಿಮೆಯಾಗಬಾರದು. ಕಡಿಮೆಯಾದರೆ ಈ ತರಗತಿ ನಿಂತುಹೋಗುತ್ತದೆ" ಎಂದು ಕೈಮುಗಿದು ಹೇಳಿದೆ. ಎಲ್ಲರೂ ಗಂಭೀರವಾಗಿ ತಲೆಯಾಡಿಸಿದರು. ಅಷ್ಟು ಗಂಭೀರವಾಗಿ ಆಡಿಸಿದಾಗಲೇ ನನಗೆ ಅನುಮಾನ ಬರಬೇಕಿತ್ತು.

ಮೂರು ತಿಂಗಳ ನಡುವಣ ಅಳತೆಗೆ ನೂರ ನಲವತ್ತನಾಲ್ಕು ಕಾರ್ಡುಗಳೂ ಬಂದವು. ಒಂದೂ ತಪ್ಪಿರಲಿಲ್ಲ! ಮುದುಕರು ಬೇಗ ಬಿಟ್ಟುಹೋಗುತ್ತಾರೆ ಎಂದು ಪುಸ್ತಕಗಳು ಬಾಯಿ ಬಡಿದುಕೊಂಡಿದ್ದವು. ನಮ್ಮವರು ನೋಡಿ ಹೇಗೆ ಎಂದು ಡಾಕ್ಟರು ಬೀಗಿದರು, ಮೈಸೂರು ಪಾಕು ಹಂಚಿಸಿದರು. ನಾನು ಅಪ್ಪನಿಗೆ ಕಾಗದ ಬರೆದು, ಕೆಲಸ ಗಟ್ಟಿಯಾದ ಹಾಗೆಯೇ ಎಂದು ತಿಳಿಸಿಬಿಟ್ಟೆ.

ಮಾರನೆಯ ದಿನ ಹಾಳೆಗಳನ್ನು ಮುಂದಿಟ್ಟುಕೊಂಡು ಕೂತೆ. ಕಾರ್ಡು ಮೂವತ್ತೇಳು, ಅಟ್ಟೂರಿನ ಪಿಳ್ಳಮ್ಮ, ಮೂರು ತಿಂಗಳಲ್ಲಿ ಮೂರು ಇಂಚು ಬೆಳೆದಿದ್ದರು. ಸಿಸ್ಟರ್ ಗ್ರೇಸ್ ಅಳತೆ ತಪ್ಪಿರಬೇಕು ಎಂದುಕೊಂಡೆ. ಕಾರ್ಡು ಅರವತ್ತೆರಡರ ನೋವು ಬಲಮಂಡಿಯಿಂದ ಎಡಮಂಡಿಗೆ ಹೋಗಿತ್ತು. ಅದೂ ಇರಲಿ. ಕಾರ್ಡು ತೊಂಬತ್ತರ ಅಜ್ಜ ಜೂನ್ ತಿಂಗಳಲ್ಲಿ ಹೆಬ್ಬೆಟ್ಟು ಒತ್ತಿದ್ದವರು, ಈಗ ಇಂಗ್ಲಿಷಿನಲ್ಲಿ ದುಂಡಗೆ ಸಹಿ ಮಾಡಿದ್ದರು. ಕಾಲಿನ ವ್ಯಾಯಾಮಕ್ಕೆ ಇಷ್ಟೊಂದು ಶಕ್ತಿ ಇದೆ ಎಂದು ನಂಬುವಷ್ಟು ಪೆದ್ದಿ ನಾನಾಗಿರಲಿಲ್ಲ.

ಅಟ್ಟೂರಿಗೆ ನಡೆದುಕೊಂಡೇ ಹೋದೆ. ಪಿಳ್ಳಮ್ಮನ ಮನೆಯ ಮುಂದೆ ಎತ್ತರದ ಒಬ್ಬ ಹೆಂಗಸು ರಾಗಿ ಕೇರುತ್ತಿದ್ದರು. ನನ್ನನ್ನು ಕಂಡು ಮೊರ ಕೆಳಗಿಟ್ಟು, "ಬಾರವ್ವ, ಲೆಕ್ಕದ ಮೇಡಮ್ಮ! ಕುತ್ಕ" ಎಂದರು.

"ಪಿಳ್ಳಮ್ಮ ಇದಾರಾ?"

"ಅವಳೆಲ್ಲವ್ಳೆ? ದೊಡ್ಡಬಳ್ಳಾಪುರದಾಗೆ ಮಗಳ ಮನೇಲವ್ಳೆ. ಎಲ್ಡನೇ ಎರಿಗೆ ಅಲ್ವಾ, ಅವ್ವನೇ ಓಗ್ಬೇಕು. ಗೌರಿ ಅಬ್ಬ ಮುಗಿಸ್ಕೊಂಡು ಓದ್ಳು."

"ಮತ್ತೆ ಮೊನ್ನೆ ಅವರ ಕಾರ್ಡು ತಂದಿದ್ದು?"

"ನಾನೇಯ." ಮುಖದಲ್ಲಿ ಚೂರೂ ಅಳುಕಿಲ್ಲ. "ನಾನು ಅಕ್ಕಯ್ಯಮ್ಮ, ಅವಳ ವಾರಗಿತ್ತಿ. ಅವಳು ಓದಾಗಿಂದ ನಾನೇ ಬತ್ತಾವ್ನಿ. ಒಂದಿನಾನೂ ತಪ್ಪಿಸಿಲ್ಲ, ಬೇಕಾದ್ರೆ ಮಾಸ್ತರ್ನ ಕೇಳು."

"ಅಯ್ಯೋ ಅಕ್ಕಯ್ಯಮ್ಮ! ಯಾಕೆ ಹಿಂಗ್ ಮಾಡಿದ್ರಿ?"

"ಇಂಗಂದ್ರೆ? ಒಬ್ರೂ ಕಮ್ಮಿ ಆಗ್ಬಾರ್ದು ಅಂತ ಕೈ ಮುಗ್ದು ಯೇಳ್ದೋಳು ನೀನೇ ಅಲ್ವಾ? ಮದುವೆ ಮನೇಲಿ ಅರಿಶಿನ ಕುಟ್ಟಾಕೆ ಐದು ಜನ ಮುತ್ತೈದೇರು ಕೂತ್ಕಬೇಕು. ಒಬ್ಳು ಬರಾಕಾಗ್ದಿದ್ರೆ ಅವಳ ವಾರಗಿತ್ತೀನ ಕೂರುಸ್ತೀವಿ. ಲೆಕ್ಕ ತುಂಬಬೇಕು, ಅಷ್ಟೇ ತಾನೆ? ಅದ್ಕೇ ಎಲ್ಲಾರೂ ಸೇರಿ ಮಾತಾಡ್ಕೊಂಡ್ವಿ. ಯಾರೇ ಊರಿಗೋದ್ರೂ ಮನೆಯಿಂದ ಒಬ್ರು ಬರೋದು ಅಂತ. ನಿನ್ನ ಲೆಕ್ಕ ನಾವು ಕೆಡಿಸ್ತೀವಾ?"

ನಾನು ಜಗಲಿಯ ಮೇಲೆ ಕುಸಿದು ಕೂತೆ. ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಅವರು ನನ್ನ ಮುಖ ನೋಡಿ ಬಿಸಿಲಿಗೆ ಬಳಲಿದ್ದೇನೆ ಎಂದುಕೊಂಡು ಮಜ್ಜಿಗೆ ತಂದುಕೊಟ್ಟರು.

ಮನೆ ಮನೆ ಸುತ್ತಿ ನೋಡಿದೆ. ಇಪ್ಪತ್ತಾರು ಮಂದಿ ಬದಲಿಯವರು. ತೊಂಬತ್ತನೆಯ ಅಜ್ಜನ ಕಾರ್ಡಿಗೆ ಮಿಲ್ಲಿನಿಂದ ನಿವೃತ್ತರಾದ ತಮ್ಮ ಸಹಿ ಹಾಕಿದ್ದರು. ನಾವು ಹೆದರಿದ್ದು ಕಾಯಿಲೆಗೆ, ಸಾವಿಗೆ. ಆ ಆರು ತಿಂಗಳಲ್ಲಿ ಇಬ್ಬರು ತೀರಿಕೊಂಡದ್ದೂ ನಿಜ. ಆದರೆ ಹೆಚ್ಚಿನವರನ್ನು ನನ್ನಿಂದ ಕಿತ್ತುಕೊಂಡದ್ದು ಬಾಣಂತನ, ಮೊಮ್ಮಕ್ಕಳ ನಾಮಕರಣ, ದ್ರಾಕ್ಷಿ ತೋಟದ ಕಾವಲು. ಕೂತು ಉಣ್ಣುವ ಮುದುಕರ ಲೆಕ್ಕ ಹಾಕಿದ್ದ ಪುಸ್ತಕಕ್ಕೆ, ಮನೆಯ ಭಾರ ಹೊತ್ತು ಊರೂರು ತಿರುಗುವ ಈ ಮುದುಕರ ಕಥೆ ಎಲ್ಲಿ ಗೊತ್ತಿರಬೇಕು?

ಆಸ್ಪತ್ರೆಗೆ ಬಂದು ಹಾಳೆಗಳನ್ನು ಡ್ರಾಯರಿನಲ್ಲಿಟ್ಟು ಬೀಗ ಹಾಕಿದೆ. ಸುಳ್ಳೇಕೆ ಹೇಳಲಿ, ಅರ್ಧ ದಿನ ಹಾಗೆಯೇ ಬಿಟ್ಟಿದ್ದೆ. ಯಾರಿಗೂ ಗೊತ್ತಿಲ್ಲ. ದಿಲ್ಲಿಯವರು ಬಂದು ಪಿಳ್ಳಮ್ಮನ ಎತ್ತರ ಅಳೆಯುತ್ತಾರೆಯೇ? ಚಿಕ್ಕಮ್ಮನ ಬೀರುವಿನ ಫೋಟೋ ಕಣ್ಣೆದುರು ಬಂತು. ಆದರೆ ಅಕ್ಕಯ್ಯಮ್ಮ ಅಷ್ಟು ನೇರವಾಗಿ "ನಾನೇಯ" ಎಂದದ್ದು ಕಿವಿಯಲ್ಲೇ ಇತ್ತು. ಅವರಿಗಿದ್ದ ಧೈರ್ಯ ಎಂ.ಎಸ್ಸಿ. ಓದಿದ ನನಗೆ ಬೇಡವೇ ಎಂದು ನಾಚಿಕೆಯಾಯಿತು. ಸಂಜೆಯೊಳಗೆ ಹೋಗಿ ಡಾಕ್ಟರಿಗೆ ಎಲ್ಲ ಹೇಳಿದೆ.

ಅವರು ಪಿಳ್ಳಮ್ಮನ ಹಾಳೆ ಎತ್ತಿ ಓದಿದರು. ಆಮೇಲೆ ಕನ್ನಡಕ ತೆಗೆದು, ಹೊಟ್ಟೆ ಹಿಡಿದುಕೊಂಡು ನಕ್ಕರು. "ಮೂರು ಇಂಚಾ? ಥೂ, ಮೊದಲೇ ಗೊತ್ತಿದ್ದಿದ್ರೆ ನಾನೂ ಸೇರ್ಕೋತಿದ್ದೆ!" ಅವರು ಕುಳ್ಳಗಿದ್ದರು. ನಕ್ಕು ಮುಗಿದ ಮೇಲೆ ಮುಖ ಬಿಗಿಯಾಯಿತು. "ಇನ್ನೂರು ಅಂದೆ, ಕೇಳ್ಲಿಲ್ಲ ನೀನು. ಈಗ ಏನ್ಮಾಡೋದು ಹೇಳು."

"ಬದಲಿಯವರ ಅಳತೆಯೆಲ್ಲ ತೆಗೆದುಹಾಕೋಣ ಸರ್, ನಡೆದಿದ್ದನ್ನ ದಿಲ್ಲಿಗೂ ಬರೆಯೋಣ. ಆದ್ರೆ ಊರಿಗೆ ಹೋದೋರು ನಮ್ಮ ಲೆಕ್ಕದಿಂದ ಹೋಗಿಲ್ಲ. ಯಾವ ಗುಂಪಿಗೆ ಚೀಟಿ ಬಿದ್ದಿತ್ತೋ ಅವರು ಆ ಗುಂಪಿನೋರೇ, ತರಗತಿಗೆ ಬರಲಿ ಬಿಡಲಿ. ಕೊನೇ ಅಳತೆ ಸಿಕ್ಕಿದ್ರೆ ಸಾಕು."

"ಅವರು ಬರದಿದ್ರೆ?"

"ನಾವೇ ಹೋಗೋಣ."

"ಹೋಗಿ ಎಲ್ಲಿ ಕೂರಿಸ್ತೀಯ? ಒಬ್ಬೊಬ್ಬರ ಮನೇಲಿ ಒಂದೊಂದು ಎತ್ತರದ ಕುರ್ಚಿ. ಕುರ್ಚಿನೇ ಇರಲ್ಲ ಅನ್ನು."

"ನಮ್ಮ ಕುರ್ಚಿನೇ ತಗೊಂಡ್ಹೋಗ್ತೀನಿ ಸರ್."

ಹೀಗೆ ಆ ಡಿಸೆಂಬರು ಪೂರ್ತಿ ನಾನೂ ಸಿಸ್ಟರ್ ಗ್ರೇಸೂ ಒಂದು ಮರದ ಕುರ್ಚಿಯೂ ಬಸ್ಸಿನಲ್ಲಿ ಊರೂರು ಅಲೆದೆವು. ಆಸ್ಪತ್ರೆಗೇ ಬಂದು ಅಳತೆ ಕೊಟ್ಟವರು ನೂರ ಹದಿನೈದು ಮಂದಿ. ಇನ್ನು ಹದಿಮೂರು ಬೇಕಿತ್ತು. ಬೆಳಗಿನ ಮಂಜು, ಎಲ್ಲಿ ನೋಡಿದರೂ ಸೊಗಡಿನ ಅವರೆಕಾಯಿ, ಬಸ್ಸಿನ ತುಂಬ ಅದೇ ಘಮ. ಕುರ್ಚಿಗೆ ಲಗೇಜು ಚೀಟಿ ಹರಿದು ಕೊಟ್ಟ ಒಬ್ಬ ಕಂಡಕ್ಟರು, "ಟಿಕೆಟ್ ತಗೊಂಡಿದೀರಲ್ಲ, ಹಾಕ್ಕೊಂಡು ಕೂತ್ಕೊಳ್ಳಿ ಮೇಡಂ, ಸೀಟು ಹೆಂಗೂ ಇಲ್ಲ" ಎಂದ. ಕೂತೆ. ದೇವನಹಳ್ಳಿಯವರೆಗೂ ಮಹಾರಾಣಿಯಂತೆ ನಡುದಾರಿಯಲ್ಲಿ ಕೂತೇ ಹೋದೆ.

ಹೋದಲ್ಲೆಲ್ಲ ಉಪಚಾರ. ಒಬ್ಬರು ಮಗುವಿಗೆ ಎರೆಯುತ್ತಿದ್ದವರು ಕೈ ಒರೆಸಿಕೊಂಡು ಬಂದು ಅಳತೆ ಕೊಟ್ಟರು. ಇನ್ನೊಬ್ಬರು ನಮ್ಮ ಕುರ್ಚಿ ನೋಡಿ, ಯಲಹಂಕದಿಂದ ಉಡುಗೊರೆ ಬಂತೆಂದು ಬೀಗರ ಮುಂದೆ ಬೀಗಿಬಿಟ್ಟಿದ್ದರು. ವಾಪಸು ಹೊತ್ತು ಹೊರಟಾಗ ನಮಗೇ ಸಂಕಟವಾಯಿತು. ನೂರ ಹದಿನೆಂಟು, ನೂರ ಇಪ್ಪತ್ತೆರಡು, ನೂರ ಇಪ್ಪತ್ತಾರು. ದಾರಿಯುದ್ದಕ್ಕೂ ಗ್ರೇಸ್ ನನಗೆ ಆ ಮುದುಕರ ಮಂಡಿಗಳ ಕಥೆ ಹೇಳಿದರು, ನಾನು ಅವರಿಗೆ ಯಾರ ಮಗಳು ಯಾವ ಊರಿನಲ್ಲಿ, ಯಾರ ಸೊಸೆಗೆ ಎಷ್ಟನೇ ತಿಂಗಳು ಎಂದು ಹೇಳಿದೆ. ಅಷ್ಟೂ ನನಗೆ ಬಾಯಿಪಾಠವಾಗಿತ್ತು.

ನೂರ ಇಪ್ಪತ್ತೇಳಕ್ಕೆ ಬಂದು ನಿಂತಿತು. ಉಳಿದವರಲ್ಲಿ ಕೆಲವರು ಕಾಶಿಯಾತ್ರೆಗೆ ಹೋಗಿದ್ದರು, ಕೆಲವರ ವಿಳಾಸವೇ ಸಿಗಲಿಲ್ಲ. ಪಿಳ್ಳಮ್ಮನಿಗಾಗಿ ದೊಡ್ಡಬಳ್ಳಾಪುರಕ್ಕೆ ಹೋದರೆ ಮನೆಗೆ ಬೀಗ. ಮಗುವಿಗೆ ಮುಡಿ ಕೊಡಲು ಮನೆದೇವರಿಗೆ ಹೋಗಿದ್ದಾರೆ, ಯಾವಾಗ ಬರುತ್ತಾರೋ ಗೊತ್ತಿಲ್ಲ ಎಂದರು ಪಕ್ಕದ ಮನೆಯವರು. ಶುಕ್ರವಾರವೇ ಕೊನೆಯ ದಿನ, ಹೇಗಾದರೂ ಯಲಹಂಕಕ್ಕೆ ಬರಲು ತಿಳಿಸಿ ಎಂದು ಅವರ ಕೈಹಿಡಿದು ಹೇಳಿ ಬಂದೆ.

ಶುಕ್ರವಾರ ಬೆಳಿಗ್ಗೆಯಿಂದ ಕುರ್ಚಿ ಖಾಲಿ. ಸುದ್ದಿ ತಿಳಿದು ಅಕ್ಕಯ್ಯಮ್ಮ ಬಂದು ಬಾಗಿಲಲ್ಲಿ ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ಅವರಿಗೆ ತಡೆಯಲಾಗಲಿಲ್ಲ. "ಒಂದೇ ಒಂದ್ ಸಲ ನಾನ್ ಕುತ್ಕತೀನಿ ಕಣವ್ವ. ಯಾರ್ಗೂ ಯೇಳಾಕಿಲ್ಲ" ಎಂದು ಪಿಸುಗುಟ್ಟಿದರು. ಬೇಡ ಎಂದೆ.

ಮೂರು ಗಂಟೆಯಾದ ಮೇಲೆ ಅಂಗಳದಲ್ಲಿ ಗದ್ದಲ. ಕುಳ್ಳಗಿನ ಒಬ್ಬ ಹೆಂಗಸು, ಕಂಕುಳಲ್ಲಿ ಬೋಳುತಲೆಯ ಕೂಸು, ಹಿಂದೆ ಏದುಸಿರು ಬಿಡುತ್ತ ಮಗಳು. ಪಿಳ್ಳಮ್ಮ! ನಾನು ಅವರ ಮುಖ ಸರಿಯಾಗಿ ನೋಡಿದ್ದೇ ಅಂದು. "ಎಲ್ಲವ್ವ ಕುರ್ಚಿ?" ಎನ್ನುತ್ತ ಕೂಸನ್ನು ನನ್ನ ಕೈಗೆ ಹಾಕಿ, ಕೂತು, ಎದೆಯ ಮೇಲೆ ಕೈಕಟ್ಟಿದರು. ಗ್ರೇಸ್ ಗಡಿಯಾರ ನೋಡಿದರು. ಪಿಳ್ಳಮ್ಮ ಎದ್ದರು, ಕೂತರು, ಎದ್ದರು. ಕೂಸು ನನ್ನ ಕೂದಲು ಹಿಡಿದು ಜಗ್ಗುತ್ತಿತ್ತು. ನನ್ನ ಕಣ್ಣು ಮಂಜಾಗಿ ಎಣಿಕೆ ನಾಲ್ಕಕ್ಕೇ ತಪ್ಪಿತು. ಹನ್ನೆರಡು ಎಂದರು ಗ್ರೇಸ್. ಡಾಕ್ಟರು ಕಿಟಕಿಯಾಚೆಯಿಂದ ಚಪ್ಪಾಳೆ ತಟ್ಟಿದರು.

ಫಲಿತಾಂಶ ಚೆನ್ನಾಗಿಯೇ ಬಂತು. ನಾವು ಅಂದುಕೊಂಡಷ್ಟಿಲ್ಲದಿದ್ದರೂ ವ್ಯತ್ಯಾಸ ಕಣ್ಣಿಗೆ ಕಾಣುವಷ್ಟಿತ್ತು. ತರಗತಿ ಉಳಿಯಿತು, ನನ್ನ ಕೆಲಸವೂ ಉಳಿಯಿತು, ಫೋಟೋ ಬೀರುವಿನಿಂದ ಗೌರವದಿಂದ ವಾಪಸು ಹೋಯಿತು. ಎರಡನೆಯ ವರ್ಷಕ್ಕೆ ಹೊಸಬರನ್ನು ಸೇರಿಸಬೇಕಾದಾಗ, ಬಿಟ್ಟುಹೋಗುವವರ ಪಾಲನ್ನು ಹತ್ತರಲ್ಲಿ ಒಂದರಿಂದ ನಾಲ್ಕರಲ್ಲಿ ಒಂದಕ್ಕೆ ಏರಿಸಿದೆ. ಅರ್ಜಿಯಲ್ಲಿ ಒಂದು ಹೊಸ ಪ್ರಶ್ನೆ ಸೇರಿಸಿದೆ: ಮುಂದಿನ ಆರು ತಿಂಗಳಲ್ಲಿ ಮಗಳ ಅಥವಾ ಸೊಸೆಯ ಹೆರಿಗೆ ಇದೆಯೇ, ಯಾವ ಊರಿನಲ್ಲಿ? ಮಂಡಿಗೂ ಇದಕ್ಕೂ ಏನು ಸಂಬಂಧ ಎಂದು ದಿಲ್ಲಿಯವರು ಕೇಳಿ ಬರೆದರು. ಎರಡು ಪುಟ ಉತ್ತರ ಬರೆದೆ.

ಆ ಸಲ ಕಾರ್ಡು ತುಂಬುವಾಗ ನಾನು ಒಳಗೆ ಕೂರಲಿಲ್ಲ. ಮೇಜನ್ನು ಅಂಗಳಕ್ಕೆ ಹಾಕಿಸಿದೆ. ಸಾಲಿನಲ್ಲಿ ಎಲ್ಲರಿಗಿಂತ ಮುಂದೆ ಅಕ್ಕಯ್ಯಮ್ಮ, ತಲೆಗೆ ಎಣ್ಣೆ ಹಚ್ಚಿ ಬಾಚಿ, ಹೂ ಮುಡಿದು ನಿಂತಿದ್ದರು. ಮೊದಲಿನ ಪರೀಕ್ಷೆಯಲ್ಲಿ ವ್ಯಾಯಾಮ ಮಾಡಿದವರನ್ನು ಮತ್ತೆ ಲೆಕ್ಕಕ್ಕೆ ಸೇರಿಸುವಂತಿಲ್ಲ ಎಂದು ನಾನೇ ನಿಯಮ ಬರೆದಿದ್ದೆ. ಹಾಗೆಂದು ಹೇಳಿದೆ. ಅವರ ಮುಖ ಬಾಡಿತು.

"ಅಂಗಾರೆ ನಾನ್ ಅಷ್ಟು ದಿನ ಬಂದಿದ್ದು ಯಾವ ಲೆಕ್ಕಕ್ಕೂ ಇಲ್ವಾ?"

ಇಲ್ಲ ಎಂಬುದೇ ಸರಿಯಾದ ಉತ್ತರ. ಪುಸ್ತಕದಲ್ಲೂ ಅದೇ ಇದೆ. ನಾನು ಒಂದು ಖಾಲಿ ಕಾರ್ಡು ತೆಗೆದೆ. ಸಂಖ್ಯೆಯ ಜಾಗವನ್ನು ಹಾಗೆಯೇ ಬಿಟ್ಟೆ. ಪರೀಕ್ಷೆಗೆ ಅಲ್ಲ, ತರಗತಿಗೆ ಮಾತ್ರ ಎಂದು ಮೇಲೆ ಬರೆದು, ಕೆಳಗೆ ದೊಡ್ಡದಾಗಿ ಅಕ್ಕಯ್ಯಮ್ಮ ಎಂದು ಬರೆದು ಕೊಟ್ಟೆ. ಅವರಿಗೆ ಓದು ಬರುತ್ತಿರಲಿಲ್ಲ. ಕಾರ್ಡನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಇದ್ರಾಗಿರೋದು ನನ್ ಎಸ್ರೇಯಾ? ಪಿಳ್ಳಿದಲ್ವಾ?"

"ನಿಮ್ದೇ. ನಿಮಗೆ ಬರಕ್ಕಾಗದೇ ಇದ್ದ ದಿನ ಯಾರನ್ನೂ ಕಳಿಸ್ಬೇಡಿ, ಆಯ್ತಾ?"

ಅವರು ಕಾರ್ಡನ್ನು ಎಲೆಯಡಿಕೆ ಚೀಲಕ್ಕೆ ಸೇರಿಸಿ, ದಾರ ಎಳೆದು ಗಂಟು ಹಾಕಿ, ಸೊಂಟಕ್ಕೆ ಸಿಕ್ಕಿಸಿಕೊಂಡರು. "ಯಾರ್ನ ಯಾಕ್ ಕಳಿಸ್ಲಿ?" ಎಂದರು. "ಇದು ನಂದು. ನಾನೇ ಬತ್ತೀನಿ."